ಶೇಂಗಾ ಸೀಮೆಯಲ್ಲಿ ಶೇಂಗಾ ಒಗ್ಗದವಳು

ಇತ್ತೀಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಕೈಗೆ ಬಂದರೆ ಸಾಕು, ಅದನ್ನು ಬೋರಲು ಮಾಡಿ, ಕನ್ನಡಕವನ್ನು ಹಣೆಗೇರಿಸಿ, ಹಿಂಬದಿಯಲ್ಲಿ ಇರುವೆಸಾಲಿನಂತೆ ಅಚ್ಚಾಗಿರುವುದನ್ನೆಲ್ಲ ಓದುತ್ತೇನೆ. ಗೋಧಿಹಿಟ್ಟು, ಸಕ್ಕರೆ, ಅದ್ಯಾವುದೋ ಎಣ್ಣೆ, ಅದಕ್ಕೆ ಸೇರಿಸಿದ ಇನ್ಯಾವುದೋ ಪುಡಿ. ಚಿತ್ರದುರ್ಗದ ನಮ್ಮ ಬೀದಿಯ ಮೂಲೆ ಅಂಗಡಿಯವನು ಇದನ್ನು ಬಹಳ ದಿನದಿಂದ ನೋಡುತ್ತಿದ್ದವನು ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟ: "ಏನ್ ಟೀಚರಮ್ಮ, ಇದಕ್ಕೂ ಕರೆಕ್ಷನ್ ಮಾಡ್ತಾ ಇದೀರಾ? ಎಷ್ಟು ಮಾರ್ಕ್ಸ್ ಬಂತು ಬಿಸ್ಕೆಟ್‌ಗೆ?"

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅವನ ಮಗನಿಗೂ ಹೇಳಿಕೊಟ್ಟಿದ್ದೇನೆ. ಆ ಮಗನಿಗೆ ಬಂದ ಮಾರ್ಕ್ಸಿನ ಸಿಟ್ಟು ಅವನಿಗೆ ಇನ್ನೂ ಇದ್ದಂತಿತ್ತು. "ಶೇಂಗಾ ಐತೇನು ನೋಡ್ತಿದೀನಿ ಕಣಪ್ಪ" ಎಂದೆ. "ಶೇಂಗಾ ಬೇಕಾದ್ರೆ ಶೇಂಗಾನೇ ತಗಳ್ರಿ. ಚೀಲಗಟ್ಲೆ ಐತೆ" ಎಂದ. ಶೇಂಗಾ ಇರಬಾರದು ಎಂದು ಹುಡುಕುವವಳೂ ಈ ಜಿಲ್ಲೆಯಲ್ಲಿ ಇರಬಹುದು ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಅದು ಅವನ ತಪ್ಪಲ್ಲ.

ನನ್ನ ತಂಗಿ ಸುಧಾಳ ಮಗಳು ಚೈತ್ರಾ, ನಾಲ್ಕನೇ ಕ್ಲಾಸು. ಹಿರಿಯೂರಿನ ಹತ್ತಿರ ಆದಿವಾಲದಲ್ಲಿ ಅವರ ಮನೆ. ಅವಳಿಗೆ ಶೇಂಗಾ ಒಗ್ಗುವುದಿಲ್ಲ. ಒಂದು ಕಾಳಿನ ಚೂರು ಹೊಟ್ಟೆಗೆ ಹೋದರೆ ತುಟಿ ಊದಿ, ಮೈತುಂಬ ಗಂಧೆ ಎದ್ದು, ಉಸಿರು ಕಟ್ಟುತ್ತದೆ. ಇನ್ನೂ ಒಂದು ವಿಷಯ ಹೇಳುವುದಿದೆ. ಅವಳ ಅಪ್ಪ ತಿಪ್ಪೇಸ್ವಾಮಿ ನಡೆಸುವುದು ಶೇಂಗಾ ಎಣ್ಣೆಯ ಗಾಣ. ಇಂಥ ಜೋಡಣೆಯನ್ನು ದೇವರು ಬೇಕೆಂದೇ ಮಾಡುತ್ತಾನೋ ಅಥವಾ ಕೆಲಸದ ಒತ್ತಡದಲ್ಲಿ ನೋಡದೆ ಮಾಡುತ್ತಾನೋ ನನಗೆ ತಿಳಿಯದು.

ನಾವು ಬೆಳೆದದ್ದು ಶೇಂಗಾದ ಒಳಗೇ. ಬಿತ್ತನೆಗೆ ಮುಂಚೆ ನಡುಮನೆಯಲ್ಲಿ ಕಾಯಿಯ ರಾಶಿ ಸುರಿದು, ಸುತ್ತ ನಮ್ಮನ್ನೆಲ್ಲ ಕೂರಿಸಿ ಬೀಜ ಒಡೆಸುತ್ತಿದ್ದರು. ಹೆಬ್ಬೆರಳ ತುದಿ ಕೆಂಪಗಾಗಿ ಉರಿಯುತ್ತಿತ್ತು. ಒಡೆಯುವುದಕ್ಕಿಂತ ತಿನ್ನುವುದೇ ಹೆಚ್ಚಾಗುತ್ತದೆಂದು ನಮ್ಮಜ್ಜಿ ಒಂದು ಉಪಾಯ ಹೂಡಿದ್ದಳು. ಒಡೆಯುವಷ್ಟು ಹೊತ್ತೂ ಎಲ್ಲರೂ ಗಟ್ಟಿಯಾಗಿ ಹಾಡಬೇಕು. ಹಾಡುವ ಬಾಯಿ ಅಗಿಯಲಾರದು. ಯಾರ ದನಿ ನಿಂತಿತೋ ಅವರ ಕೆನ್ನೆ ಹಿಂಡಿ ಬಾಯಿ ತೆಗೆಸುತ್ತಿದ್ದಳು. ನಾನು ಮಗ್ಗಿ ಹಾಡಲು ಕಲಿತದ್ದು ಹಾಗೆ, ಕಾಳನ್ನು ದವಡೆಯ ಸಂದಿಯಲ್ಲಿ ಅವಿತಿಟ್ಟುಕೊಂಡು. ಗಣಿತದ ಮೇಲಿನ ನನ್ನ ಪ್ರೀತಿಗೆ ಅದೇ ಮೂಲವೆಂದು ಸಹೋದ್ಯೋಗಿಗಳಿಗೆ ಹೇಳಿದರೆ ಅವರು ನಂಬುವುದಿಲ್ಲ.

ಅಲರ್ಜಿ ಎಂಬ ಪದ ನಮ್ಮ ಮನೆಗೆ ಬರುವ ಎಷ್ಟೋ ಮೊದಲೇ ಆ ಸಂಗತಿ ಬಂದಿತ್ತು, ನನ್ನ ಮೂಗಿನ ಮೂಲಕ. ಬಳ್ಳಾರಿ ಜಾಲಿ ಹೂ ಬಿಡುವ ಕಾಲಕ್ಕೆ ನನಗೆ ಸೀನು ಹತ್ತುತ್ತಿತ್ತು. ಈಗಲೂ ಹತ್ತುತ್ತದೆ. ಈಗ ಒಂದು ಮಾತ್ರೆ ನುಂಗಿ ಪಾಠ ಮುಂದುವರಿಸುತ್ತೇನೆ. ಆಗ ಅದಕ್ಕೆ ಔಷಧವಿರಲಿಲ್ಲ, ಶಕುನವಿತ್ತು. ಯಾರಾದರೂ ಹೊರಡುವಾಗ ಒಂಟಿ ಸೀನು ಬಿದ್ದರೆ ಆ ಕೆಲಸ ಕೆಟ್ಟಂತೆ. ಜೋಡಿ ಸೀನಾದರೆ ಪರವಾಗಿಲ್ಲ. ಹೀಗಾಗಿ ನಾನು ಒಂದು ಸೀನಿದ ಕೂಡಲೇ ಮನೆಯವರೆಲ್ಲ ಇನ್ನೊಂದಕ್ಕಾಗಿ ನನ್ನ ಮೂಗನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಷ್ಟು ಜನ ನೋಡುವಾಗ ಯಾವ ಮೂಗಾದರೂ ಸೀನುತ್ತದೆಯೇ?

ಚಿಕ್ಕಪ್ಪನಿಗೆ ಹೊಸದುರ್ಗದ ಶ್ರೀರಾಂಪುರದಲ್ಲಿ ಹೆಣ್ಣು ನೋಡಲು ಹೊರಟ ಬೆಳಿಗ್ಗೆ ನಾನು ಹೊಸಿಲಲ್ಲೇ ಸೀನಿದೆ, ಒಂದೇ ಒಂದು. ತಾತ ಎಲ್ಲರನ್ನೂ ವಾಪಸು ಕೂರಿಸಿ ನೀರು ಕುಡಿಸಿದರು. ಮತ್ತೆ ಹೊರಡುವಷ್ಟರಲ್ಲಿ ಬಸ್ಸು ಹೋಗಿತ್ತು. ಆ ಸಂಬಂಧವೂ ಹೋಯಿತು. ಆಮೇಲೆ ಹೊಳಲ್ಕೆರೆ ಕಡೆಯ ಹೆಣ್ಣು ಬಂದಳು. ಆ ಚಿಕ್ಕಮ್ಮ ಇವತ್ತಿಗೂ ನನ್ನನ್ನು ಕಂಡರೆ, "ನಿನ್ನ ಸೀನಿಂದ ಈ ಮನೆ ಸೇರ್ದೆ ಕಣೇ" ಎನ್ನುತ್ತಾಳೆ. ಅದು ಉಪಕಾರ ಸ್ಮರಣೆಯೋ ದೂರೋ ಇನ್ನೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಇಲ್ಲ.

ಈ ಪುರಾಣ ಯಾಕೆಂದರೆ, ಮೈಗೆ ಒಗ್ಗದ್ದು ಒಂದಿರುತ್ತದೆ ಎಂಬುದನ್ನು ನಮ್ಮ ಮನೆಯವರು ಸುಲಭಕ್ಕೆ ಒಪ್ಪುವವರಲ್ಲ. ಚೈತ್ರಾ ಇನ್ನೂ ತೊದಲುವಾಗ ಸುಧಾಳ ಜೊತೆಗೇ ಇರುವ ನಮ್ಮವ್ವ ನಾಗರ ಪಂಚಮಿಯ ಶೇಂಗಾ ಉಂಡೆಯನ್ನು ತನ್ನ ಕೈಯಾರೆ ಪುಡಿ ಮಾಡಿ ಮೊಮ್ಮಗಳ ಬಾಯಿಗಿಟ್ಟಳು. ಮಗುವಿನ ತುಟಿ ಊದಿತು, ಮೈಮೇಲೆ ಗಂಧೆ ಎದ್ದಿತು. ಅವ್ವ ಮೊದಲು ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಳು. ಆಮೇಲೆ ಇದು ಪಿತ್ತ ಎಂದು ಕಂಬಳಿ ಹೊದಿಸಿ ಮಲಗಿಸಿದಳು. ಸಂಜೆಗೆ ಗಂಧೆ ಇಳಿಯಿತು. ಕಂಬಳಿಗೆ ಹೆಸರು ಬಂತು.

ಎರಡನೇ ಸಲ ಶೇಂಗಾ ಹೋಳಿಗೆ. ಆಗ ಕಂಬಳಿಯ ಆಟ ನಡೆಯಲಿಲ್ಲ. ಮಗುವಿನ ಎದೆ ಸುಯ್ಯೆನ್ನುತ್ತಿತ್ತು. ಚಿತ್ರದುರ್ಗಕ್ಕೆ ಎತ್ತಿಕೊಂಡು ಬಂದರು. ಡಾಕ್ಟರು ಸೂಜಿ ಹಾಕಿ, ಮಗು ಸುಧಾರಿಸಿಕೊಂಡ ಮೇಲೆ ಏನೇನು ತಿಂದಿತ್ತು ಎಂದು ಕೇಳಿ, ಶೇಂಗಾ ಇನ್ನು ಮುಟ್ಟಿಸಲೇಬೇಡಿ ಎಂದರು. ಅವ್ವನಿಗೆ ಅವಮಾನವಾದಂತಾಯಿತು.

"ಭೂಮ್ತಾಯಿ ಕೊಟ್ಟಿದ್ದು ಮಗೀಗೆ ಹೆಂಗ್ರೀ ಇಸ ಆಗ್ತೈತೆ? ನಾವೆಲ್ಲ ಅದನ್ನೇ ತಿಂದು ಬೆಳ್ದಿಲ್ವಾ?"

"ನೀವು ಬೆಳೆದಿದ್ದೀರಿ ಅಮ್ಮ. ಇವಳೂ ಬೆಳೀಬೇಕಲ್ಲ" ಎಂದರು ಡಾಕ್ಟರು, ಚೀಟಿ ಬರೆಯುತ್ತಲೇ.

ಅವ್ವ ಅದಾದ ಮೇಲೆ ಆ ಡಾಕ್ಟರನ್ನು ಒಳ್ಳೆಯವರೆಂದು ಹೇಳಿದ್ದಿಲ್ಲ. ಆದರೆ ಮನೆಗೆ ಬಂದವಳೇ ಚಟ್ನಿಪುಡಿಯ ಡಬ್ಬಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಅಡುಗೆಗೆ ಸೂರ್ಯಕಾಂತಿ ಎಣ್ಣೆ ಬಂತು. ಗಾಣದವರ ಮನೆಗೆ ಅಂಗಡಿಯಿಂದ ಎಣ್ಣೆ ಬರುವುದನ್ನು ಊರೆಲ್ಲ ನೋಡಿ ನಕ್ಕಿತು. ತಿಪ್ಪೇಸ್ವಾಮಿ ಗಾಣದಿಂದ ಬಂದವನು ಹಿತ್ತಲಲ್ಲೇ ಮೈಗೆ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಬರಲು ಶುರು ಮಾಡಿದ. ಮಗಳು "ಅಪ್ಪಾ" ಎಂದು ಓಡಿ ಬಂದರೆ ಎರಡೂ ಕೈ ಮೇಲೆತ್ತಿ ಗೋಡೆಗೆ ಅಂಟಿಕೊಳ್ಳುತ್ತಿದ್ದ, ಪೊಲೀಸರ ಮುಂದೆ ನಿಂತವನ ಹಾಗೆ. ನನಗೆ ಅದನ್ನು ನೋಡಿ ನಗು ಬರುತ್ತಿತ್ತು. ಆಮೇಲೆ ಅಷ್ಟೇನೂ ಬರುತ್ತಿರಲಿಲ್ಲ.

ಅಲ್ಲಿಯವರೆಗೆ ನಾನು ಗಮನಿಸದ ಒಂದು ಸತ್ಯವನ್ನು ಆ ಹುಡುಗಿ ಕಾಣಿಸಿದಳು. ನಮ್ಮ ಜನ ಶೇಂಗಾ ಹಾಕದೆ ಏನನ್ನೂ ಮಾಡುವುದಿಲ್ಲ. ನಮ್ಮ ಹೈಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಚಂದ್ರವಳ್ಳಿಗೆ ಪಿಕ್‌ನಿಕ್ ಹೋಗಿದ್ದಾಗ ನೋಡಿದೆ. ಗುಹೆ ನೋಡಿ ಬಂದ ಮಕ್ಕಳು ಮರದ ನೆರಳಿಗೆ ಕುಳಿತು ಡಬ್ಬಿ ತೆಗೆದರು. ಚಿತ್ರಾನ್ನದಲ್ಲಿ ಶೇಂಗಾ, ಪುಳಿಯೋಗರೆಯಲ್ಲಿ ಶೇಂಗಾ, ರೊಟ್ಟಿಯ ಜೊತೆಗೆ ಶೇಂಗಾ ಪುಡಿ, ಮಂಡಕ್ಕಿ ತಂದವರ ಮಂಡಕ್ಕಿಯಲ್ಲೂ ಶೇಂಗಾ. ಬರೀ ಮೊಸರನ್ನ ತಂದ ಹುಡುಗನೊಬ್ಬ ಸಿಕ್ಕಿದ. ಸಮಾಧಾನವಾಯಿತು. ಅಷ್ಟರಲ್ಲಿ ಅವನು ಜೇಬಿನಿಂದ ಹುರಿದ ಶೇಂಗಾ ತೆಗೆದು ಮೇಲೆ ಉದುರಿಸಿಕೊಂಡ.

ಇಂಥ ಲೋಕಕ್ಕೆ ಚೈತ್ರಾಳನ್ನು ಕಳಿಸಬೇಕಾಗಿತ್ತು. ಊರಿನ ಶಾಲೆಯ ಮೇಷ್ಟ್ರಿಗೆ ಸುಧಾ ಎಲ್ಲ ವಿವರಿಸಿದಳು. ಅವರು ಅಡುಗೆಯವರಿಗೂ ಮಕ್ಕಳಿಗೂ ಹೇಳಿದರು. ಮಕ್ಕಳಿಗೆ ಅದು ಹಬ್ಬವಾಯಿತು. ದೊಡ್ಡವರಿಗಿಂತ ಮಕ್ಕಳಿಗೆ ನಿಯಮಗಳ ಮೇಲೆ ಪ್ರೀತಿ ಹೆಚ್ಚು. "ಟೀಚರ್, ಇವ್ನು ಶೇಂಗಾ ತಿಂದು ಚೈತ್ರಾನ ಬ್ಯಾಗ್ ಮುಟ್ಟಿದ" ಎಂಬ ದೂರುಗಳು ದಿನಾ ಬರುತ್ತಿದ್ದವಂತೆ. ಈ ಕಾವಲಿನ ಮುಖ್ಯಸ್ಥೆ ಗೌರಿ. ಕುರಿ ಸಾಕುವವರ ಹಟ್ಟಿಯಿಂದ ನಡೆದು ಬರುತ್ತಿದ್ದ, ಎರಡು ಜಡೆಯ, ಮುಂದಿನ ಹಲ್ಲು ಸ್ವಲ್ಪ ಉಬ್ಬಿದ ಹುಡುಗಿ. ಚೈತ್ರಾಳ ಪಕ್ಕದ ಜಾಗ ಅವಳದು. ತರಗತಿಯಲ್ಲೂ, ಊಟದ ಸಾಲಿನಲ್ಲೂ. ಕುರಿ ಕಾಯುವವರ ಮನೆಯ ಮಗಳಲ್ಲವೇ, ಚೈತ್ರಾಳನ್ನೂ ಮಂದೆ ತಪ್ಪದ ಹಾಗೆ ನೋಡಿಕೊಳ್ಳುತ್ತಿದ್ದಳು.

ಈಗ ಗುಬ್ಬಿ ಎಂಜಲಿನ ವಿಷಯ ಹೇಳಬೇಕು. ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಒಂದೇ ಪೆಪ್ಪರಮೆಂಟು ಇದೆ, ಇಬ್ಬರು ತಿನ್ನಬೇಕು. ಕಚ್ಚಿ ಕೊಟ್ಟರೆ ಎಂಜಲು. ಆಗ ಅಂಗಿಯ ಚುಂಗನ್ನೋ ಲಂಗದ ಅಂಚನ್ನೋ ಅದರ ಮೇಲೆ ಮುಚ್ಚಿ, ಬಟ್ಟೆಯ ಮೇಲಿನಿಂದ ಕಟಕ್ಕೆಂದು ಕಚ್ಚಿದರೆ ಎರಡು ಹೋಳಾಗುತ್ತದೆ. ಹಲ್ಲು ತಾಗಿದ್ದು ಬಟ್ಟೆಗೆ, ಎಂಜಲು ಬಟ್ಟೆಯದು, ಪೆಪ್ಪರಮೆಂಟು ಶುದ್ಧ. ಮಡಿಯ ಅಜ್ಜಿಯರೂ ಇದಕ್ಕೆ ಆಕ್ಷೇಪ ಎತ್ತುತ್ತಿರಲಿಲ್ಲ. ನಾನು ಓದುವಾಗ ನಮ್ಮ ಶಾಲೆಯ ಒಬ್ಬ ಹುಡುಗಿಯ ಲಂಗದ ಅಂಚು ಸದಾ ಅಂಟಂಟಾಗಿರುತ್ತಿತ್ತು. ಅದರ ಬಣ್ಣ ನೋಡಿಯೇ ಅವಳು ಆ ವಾರ ಯಾರ ಜೊತೆ ರಾಜಿಯಾಗಿದ್ದಳು, ಏನು ತಿಂದಿದ್ದಳು ಎಂದು ಹೇಳಬಹುದಿತ್ತು. ಹೊಸ ಲಂಗ ಹಾಕಿಕೊಂಡು ಬಂದ ದಿನ ಯಾರೂ ಅವಳ ಹತ್ತಿರ ಏನನ್ನೂ ಕೇಳುತ್ತಿರಲಿಲ್ಲ, ಕಚ್ಚಲು ಒಪ್ಪುವುದಿಲ್ಲವೆಂದು ಗೊತ್ತಿತ್ತು.

ಆದಿವಾಲದ ಶಾಲೆಯಲ್ಲಿ ಆಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಿಸಿಯೂಟದ ಜೊತೆ ಶೇಂಗಾ ಚಿಕ್ಕಿ ಕೊಡುತ್ತಿದ್ದರು. ಶ್ರಾವಣದ ಒಂದು ದಿನ, ಊಟ ಮುಗಿದು ಸ್ವಲ್ಪ ಹೊತ್ತಿಗೆ ಚೈತ್ರಾಳ ಉಸಿರು ಕಟ್ಟಿತು. ಮೇಷ್ಟ್ರು ಫೋನು ಮಾಡಿದರು. ತಿಪ್ಪೇಸ್ವಾಮಿ ಗಾಣ ನಿಲ್ಲಿಸದೆಯೇ ಬೈಕಿನಲ್ಲಿ ಓಡಿ, ಹಿಂದೆ ಕೂತ ಸುಧಾಳ ತೊಡೆಯ ಮೇಲೆ ಮಗಳನ್ನು ಮಲಗಿಸಿ ಹಿರಿಯೂರಿನ ಆಸ್ಪತ್ರೆ ಮುಟ್ಟಿಸಿದ. ದಾರಿಯಲ್ಲಿ ಹುಡುಗಿಯ ತುಟಿ ನೀಲಿಯಾಗಿತ್ತು ಎಂದು ಸುಧಾ ಆಮೇಲೆ ಒಮ್ಮೆ ಮಾತ್ರ ಹೇಳಿದಳು. ಸೂಜಿ ಬಿದ್ದ ಮೇಲೆ ಉಸಿರು ತಿರುಗಿತು.

ನಾನು ಸುದ್ದಿ ಕೇಳಿ ಬಸ್ಸು ಹತ್ತಿ ಹೋದೆ. ಮನೆಯಲ್ಲಿ ವಿಚಾರಣೆ ನಡೆದಿತ್ತು. ಹುಡುಗಿ ತಿಂದದ್ದು ಮನೆಯ ಡಬ್ಬಿಯ ಅನ್ನ, ಆಮೇಲೆ ಅರ್ಧ ಸೀಬೆಹಣ್ಣು. ಎರಡರಲ್ಲೂ ಶೇಂಗಾ ಇಲ್ಲ. ತಿಪ್ಪೇಸ್ವಾಮಿ ತಲೆ ಮೇಲೆ ಕೈಹೊತ್ತು ಕೂತಿದ್ದ. "ನನ್ನ ಮೈಯಿಂದಾನೇ ಹೋಗೈತೆ ಅಕ್ಕ. ಗಾಣ ಮುಚ್ಚಿಬಿಡ್ತೀನಿ" ಎಂದ. ಆಗ ಬಾಗಿಲಲ್ಲಿ ಗೌರಿ ಬಂದು ನಿಂತಳು. ಅತ್ತು ಅತ್ತು ಮುಖ ಊದಿತ್ತು.

"ಸೀಬೆಹಣ್ಣು ಕೊಟ್ಟಿದ್ದು ನಾನೇ" ಎಂದಳು.

"ಸೀಬೆಹಣ್ಣಿಂದ ಏನೂ ಆಗಲ್ಲ ಕಣಮ್ಮ, ಅಳಬೇಡ" ಎಂದೆ.

"ಕೈ ತೊಳ್ಕಂಡಿದ್ನಿ ದೊಡ್ಡಮ್ಮ. ಬಾಯೂ ಮುಕ್ಕಳಿಸಿದ್ನಿ. ಎಂಜಲು ಆಗ್ಬಾರ್ದು ಅಂತ ಲಂಗ ಮುಚ್ಚೇ ಕಚ್ಚಿದ್ದು."

ನಾನು ಅವಳ ಲಂಗ ನೋಡಿದೆ. "ಅದೇ ಲಂಗ ಮುಚ್ಚಿ ಅದಕ್ಕಿಂತ ಮುಂಚೆ ಇನ್ನೇನಾದ್ರೂ ಕಚ್ಚಿದ್ಯಾ?"

"ಚಿಕ್ಕಿ. ಬೇರೆ ಹುಡುಗಿಗೆ ಕೊಡಾಕೆ."

ಅವಳು ತನ್ನ ಲಂಗದ ಅಂಚನ್ನು ಎತ್ತಿ ತೋರಿಸಿದಳು. ಬೆಲ್ಲದ ಅಂಟು, ಅದರಲ್ಲಿ ಹುಡಿ ಹುಡಿಯಾಗಿ ಶೇಂಗಾ. ಆ ಹುಡುಗಿ ಮಾಡದೆ ಬಿಟ್ಟ ಜಾಗ್ರತೆ ಒಂದೂ ಇರಲಿಲ್ಲ. ಅಷ್ಟೆಲ್ಲ ಶುದ್ಧ ಮಾಡಿಕೊಂಡು, ಗೆಳತಿಗೆ ಶುದ್ಧವಾಗಿಯೇ ಕೊಡಬೇಕೆಂದು ಬಟ್ಟೆ ಮುಚ್ಚಿದ್ದಳು. ನಾವು ಯಾರೂ ಅವಳನ್ನು ಬೈಯಲಿಲ್ಲ. ಬೈಯದೇ ಇದ್ದುದಕ್ಕೆ ನಾವು ಒಳ್ಳೆಯವರೆಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಬೈಯುವ ಬದಲು ಸುಧಾ ಶಾಲೆಗೆ ಹೋಗಿ ಒಂದು ವ್ಯವಸ್ಥೆ ಮಾಡಿದಳು. ಊಟದ ಹೊತ್ತಿಗೆ ಚೈತ್ರಾ ಜಗಲಿಯ ಆ ತುದಿಯ ಕಂಬದ ಹತ್ತಿರ ಒಬ್ಬಳೇ ಕೂರಬೇಕು. ಹತ್ತಿರ ಯಾರೂ ಹೋಗಬಾರದು. ತರಗತಿಯಲ್ಲೂ ಮುಂದಿನ ಸಾಲಿನಲ್ಲಿ ಬೇರೆ. ನೀಲಿ ತುಟಿ ನೋಡಿದ ತಾಯಿಗೆ ಎದುರು ಹೇಳುವವರು ಯಾರು? ನಾನೂ ಸರಿಯೆಂದೆ. ನನ್ನ ಗಣಿತದ ಪ್ರಕಾರ ಅದು ಸರಿಯೇ ಇತ್ತು.

ನಮ್ಮ ಕಡೆ ಮಕ್ಕಳನ್ನು ಸಾಲಿನಿಂದ ಎಬ್ಬಿಸಿ ದೂರ ಕೂರಿಸಿ ಊಟ ಮಾಡಿಸುವುದಕ್ಕೆ ಹಳೆಯದೊಂದು ಅರ್ಥವಿದೆ. ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕೆಲವೇ ದಿನಕ್ಕೆ ಗೌರಿಯ ಅವ್ವ ಹಟ್ಟಿಯಿಂದ ಸುಧಾಳ ಮನೆಯ ಮುಂದೆ ಬಂದು ನಿಂತಳಂತೆ. "ಕುಂತ್ಕಳ್ರಿ" ಎಂದರೂ ಕೂರಲಿಲ್ಲವಂತೆ.

"ನಿಮ್ಮ ಮಗಳ ಪಕ್ಕ ನಮ್ಮ ಹುಡುಗಿ ಕುಂದ್ರಬಾರ್ದು ಅಂದ್ರಂತೆ. ನಾವು ಕುರಿ ಕಾಯೋರು ಅಂತಾನಾ?"

"ಅಯ್ಯೋ, ಹಂಗಲ್ಲ ಕಣ್ರಿ. ಅವಳಿಗೆ ಶೇಂಗಾ ಆಗಲ್ಲ" ಎಂದಳು ಸುಧಾ.

"ನಮ್ಮ ಹುಡುಗಿ ಏನು ಶೇಂಗಾನಾ?" ಎಂದು ಕೇಳಿ ಆಕೆ ಹೋದಳಂತೆ.

ಸುಧಾ ಫೋನಿನಲ್ಲಿ ಇದನ್ನು ಹೇಳಿ ನಗಲು ನೋಡಿದಳು. ಆಗಲಿಲ್ಲ. ಚೈತ್ರಾ ಡಬ್ಬಿಯನ್ನು ತುಂಬಿದ್ದು ತುಂಬಿದ ಹಾಗೇ ವಾಪಸು ತರುತ್ತಾಳೆ ಎಂದಳು. ಕೇಳಿದರೆ ಹಸಿವಿಲ್ಲ ಅನ್ನುತ್ತಾಳಂತೆ. "ಮೈ ಇಳ್ದು ಹೋಗೈತೆ ಅಕ್ಕ. ಶೇಂಗಾದಿಂದ ಉಳಿಸ್ಕಂಡೆ, ಇದರಿಂದ ಹೆಂಗೆ ಉಳಿಸ್ಕಳ್ಲಿ?" ಮಕ್ಕಳು ಹೊಂದಿಕೊಳ್ಳುತ್ತವೆ, ಸ್ವಲ್ಪ ದಿನ ನೋಡು ಎಂದೆ. ಉತ್ತರ ಗೊತ್ತಿಲ್ಲದಿದ್ದಾಗ ಮೇಷ್ಟ್ರುಗಳು ಹೇಳುವ ಮಾತು ಅದು.

ದೀಪಾವಳಿ ರಜೆಗೆ ನಾನು ಆದಿವಾಲಕ್ಕೆ ಹೋದಾಗ ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದರು. ಗಾಣಕ್ಕೆ ಬೇಕಾದ ಕಾಯಿ ನೋಡಲು ತಿಪ್ಪೇಸ್ವಾಮಿ ಊರಾಚೆಯ ಹೊಲವೊಂದಕ್ಕೆ ಹೊರಟಿದ್ದ. "ಬರ್ರಿ ಅಕ್ಕ, ಹಂಗೇ ಒಂದು ಸುತ್ತು ಹೋಗಾಣ" ಎಂದ. ಹೋದೆ. ಹೆಂಗಸರು ಗಿಡದ ಗುಡ್ಡೆಗಳ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ಬದುವಿನಲ್ಲಿ ಒಣ ಕಸಕ್ಕೆ ಬೆಂಕಿ ಹಾಕಿ ಹಸಿ ಕಾಯಿ ಸುಡುತ್ತಿದ್ದರು. ಆ ವಾಸನೆಗೆ ನನ್ನ ವಯಸ್ಸೆಲ್ಲ ಮರೆತುಹೋಯಿತು. ಬೂದಿಯೊಳಗೆ ಕೈಹಾಕಿ ಬಿಸಿಬಿಸಿ ಕಾಯಿ ಹೆಕ್ಕಿ, ಊದಿ, ಒಡೆದು, ಮೂತಿಯೆಲ್ಲ ಕಪ್ಪು ಮಾಡಿಕೊಂಡು ತಿನ್ನತೊಡಗಿದೆ. ನನ್ನ ವಿದ್ಯಾರ್ಥಿಗಳು ಯಾರಾದರೂ ನೋಡಿದ್ದರೆ ವರ್ಷವಿಡೀ ಮಾತಾಡಿಕೊಳ್ಳುತ್ತಿದ್ದರು.

ಹೆಂಗಸರ ನಡುವೆ ಗೌರಿಯ ಅವ್ವ ಇದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ಅವಳ ಪಕ್ಕದಲ್ಲಿ ಗೌರಿ. ಸುತ್ತಲಿನ ಮಕ್ಕಳೆಲ್ಲ ದವಡೆ ಆಡಿಸುತ್ತಿದ್ದರೆ ಅವಳು ಬಾಯಿ ಬಿಗಿದುಕೊಂಡು ಬುಟ್ಟಿಗೆ ಕಾಯಿ ಹಾಕುತ್ತಿದ್ದಳು. ಹುಡುಗಿಗೆ ನನ್ನ ಮೇಲೂ ಸಿಟ್ಟಿರಬಹುದು ಎಂದುಕೊಂಡು, ರಾಜಿ ಮಾಡಿಕೊಳ್ಳುವ ಆಸೆಯಿಂದ, ಸುಟ್ಟ ಕಾಯಿ ಒಂದು ಬೊಗಸೆ ತೆಗೆದುಕೊಂಡು ಹೋಗಿ ಮುಂದೆ ಹಿಡಿದೆ.

"ತಗಳಮ್ಮ, ಬಿಸಿ ಐತೆ."

ಅವಳು ಬೇಡವೆಂದು ತಲೆಯಾಡಿಸಿದಳು.

"ತಿನ್ನಲ್ಲ ಅವಳು" ಎಂದಳು ಗೌರಿಯ ಅವ್ವ, ನನ್ನತ್ತ ನೋಡದೆ. "ಶ್ರಾವಣದಿಂದ ಒಂದು ಕಾಳು ಬಾಯಿಗೆ ಹಾಕಿಲ್ಲ. ಸ್ಕೂಲ್ನಾಗೆ ಚಿಕ್ಕೀನೂ ಬ್ಯಾಡ ಅಂತಾಳಂತೆ. ಮನ್ಯಾಗೆ ಚಟ್ನಿಪುಡಿ ಮಾಡಿದ್ರೆ ಬರೀ ರೊಟ್ಟಿ ಮುರ್ಕಂಡು ತಿಂತಾಳೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಹೊಡೆದೂ ನೋಡ್ದೆ."

ನಾನು ಗೌರಿಯ ಎದುರು ಕುಕ್ಕರಗಾಲಲ್ಲಿ ಕೂತೆ. "ಯಾಕೆ ಪುಟ್ಟಾ?"

ಕಾಯಿ ಬಿಡಿಸುತ್ತಲೇ, ತನಗೇ ಹೇಳಿಕೊಳ್ಳುವವಳಂತೆ ಮೆಲ್ಲಗೆ ಹೇಳಿದಳು:

"ಪೂರ್ತಿ ಬಿಟ್ರೆ ಒಂದಿನ ಅವಳ ಪಕ್ಕ ಕುಂತ್ಕಳ್ಳಾಕೆ ಬಿಡ್ತೀರೇನೋ ಅಂತ."

ಯಾರೂ ಅವಳಿಗೆ ಹಾಗೆಂದು ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ. ತನ್ನಷ್ಟಕ್ಕೆ ಬಿಟ್ಟು, ನಾವು ಯಾರಾದರೂ ಗಮನಿಸುತ್ತೇವೆಂದು ಕಾಯುತ್ತಿದ್ದಳು. ಬಾಯಲ್ಲಿ ಅರ್ಧ ಅಗಿದ ಕಾಳುಗಳಿದ್ದವು. ನುಂಗಲಾಗಲಿಲ್ಲ. ಅವಳ ಅವ್ವ ಬಿಡಿಸುತ್ತಿದ್ದ ಕೈ ನಿಲ್ಲಿಸಿ ಮಗಳನ್ನೇ ನೋಡುತ್ತಿದ್ದಳು. ಸೆರಗಿನಿಂದ ಒಮ್ಮೆ ಕಣ್ಣೊರೆಸಿಕೊಂಡು, "ಇದ್ನ ಹೇಳಾಕೆ ಏನಾಗಿತ್ತೇ ನಿಂಗೆ" ಎಂದು ಮಗಳ ತಲೆಯ ಮೇಲೆ ಮೆಲ್ಲಗೆ ಮೊಟಕಿದಳು.

ಕೂಡಲೇ ಮನೆಗೆ ಹೋಗಿ ಸುಧಾಳ ಹತ್ತಿರ ಮಾತಾಡಬೇಕಿತ್ತು. ಚೈತ್ರಾ ಅಲ್ಲೇ ಇರುತ್ತಾಳೆ, ಓಡಿ ಬಂದು ನನ್ನ ಕೊರಳಿಗೆ ಜೋತು ಬೀಳುತ್ತಾಳೆ. ನಾನು ಎದ್ದು ಬದುವಿನಾಚೆ ಉಗಿದೆ. "ಕೈ ಬಾಯಿ ತೊಳ್ಕಳಾಣ ಬಾ" ಎಂದೆ. ಗೌರಿ ನನ್ನನ್ನು ಬೋರ್‌ವೆಲ್ ನೀರು ಬೀಳುವ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ತಾನು ತೊಳೆದುಕೊಂಡು, ಪಕ್ಕದಲ್ಲಿ ನಿಂತು ನೋಡಿದಳು. ಒಮ್ಮೆ ಮುಕ್ಕಳಿಸಿ ಏಳಹೊರಟೆ.

"ಇನ್ನೊಂದ್ಸಲ ದೊಡ್ಡಮ್ಮ" ಎಂದಳು. "ಹಲ್ಲಿನ ಸಂದ್ಯಾಗೆ ಇರ್ತೈತೆ."